ಮೂಲ ಲೇಖಕರ ಹೆಸರು

ಫೆಬ್ರವರಿ 3

ಪ್ರೀತಿಯ ಅತ್ತಿಗೆಗೆ,

ಇಷ್ಟು ದಪ್ಪದ ಲಕೋಟೆ ನೋಡಿ ಅಣ್ಣ ಗಾಬರಿಯಾಗಿರಬೇಕು. ಯಾರಿಗೂ ಏನೂ ಆಗಿಲ್ಲ ಎಂದು ಮೊದಲು ಅವನಿಗೆ ಹೇಳಿಬಿಡಿ. ನನ್ನ ಕಾದಂಬರಿ ವಾಪಸು ಬಂದಿದೆ, ಅಷ್ಟೆ.

ಅಷ್ಟೆ ಎಂದು ಬರೆದೆನಾದರೂ, ಅತ್ತಿಗೆ, ಪ್ರಕಾಶನದಿಂದ ಬಂದ ಲಕೋಟೆ ಒಡೆದ ಕ್ಷಣ ನನ್ನ ಹೃದಯ ಗಾಜಿನ ಬಟ್ಟಲಿನಂತೆ ಸಾವಿರ ಚೂರಾಯಿತು, ಕಣ್ಣುಗಳು ಕಾರ್ಮೋಡಗಳಾದವು, ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ದೂರದ ಕನ್ನಡಕದ ಬದಲು ಓದುವ ಕನ್ನಡಕ ಕೊಟ್ಟು ಕಳಿಸಿಬಿಟ್ಟೆ, ಅವರು ರಸ್ತೆ ದಾಟಲಾಗದೆ ವಾಪಸು ಬಂದರು! ಪ್ರಕಾಶನದ ಸಂಪಾದಕಿ ಬರೆದದ್ದು ನಾಲ್ಕೇ ಸಾಲು: “ಕಥೆ ನಮಗೆ ಹಿಡಿಸಿತು. ವಾಕ್ಯಗಳು ಹಿಡಿಸಲಿಲ್ಲ. ಒಂದೊಂದು ವಾಕ್ಯವನ್ನೂ ಕೂತು ತಿದ್ದಿ ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಿದರೆ ಇನ್ನೊಮ್ಮೆ ಓದುತ್ತೇವೆ. ಆಮೇಲೆ ಓದುವುದಿಲ್ಲ.”

ಇದು ಅಮ್ಮನ ಹೊಲಿಗೆ ಅಂಗಡಿಯ ಕಥೆ ಎಂದು ನಿಮಗೆ ಗೊತ್ತು. ಅಮ್ಮ ಹೋದ ಮೇಲೆ ಅವಳ ಮುಖ ಫೋಟೋದಲ್ಲಿ ಉಳಿಯಿತು, ಮಾತು ಎಲ್ಲೂ ಉಳಿಯಲಿಲ್ಲ. ನನ್ನ ಕಿವಿಯಿಂದಲೂ ಜಾರಿಹೋಗುವ ಮೊದಲು ಕಾಗದಕ್ಕೆ ಇಳಿಸಬೇಕು ಎಂದೇ ಬರೆಯಲು ಕೂತದ್ದು. ಈ ಅವಕಾಶ ತಪ್ಪಿದರೆ ಪುಟಗಳು ಅಟ್ಟಕ್ಕೆ, ನಾನು ಕನ್ನಡಕದ ಅಂಗಡಿಗೆ.

ನೀವು ಔಷಧಿ ಕಂಪನಿಯಲ್ಲಿ, ಪೊಟ್ಟಣದೊಳಗೆ ಮಡಚಿಡುವ ಹಾಳೆಗಳನ್ನು ತಿದ್ದುವವರು. ಮನೆಗೆ ಬಂದರೆ ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು ಬಿಟ್ಟು ಬೇರೇನೂ ಓದದವರು. ನಿಮ್ಮಷ್ಟು ಚೆನ್ನಾಗಿ ವಾಕ್ಯ ನೋಡುವವರು ನನಗೆ ಗೊತ್ತಿಲ್ಲ. ನನ್ನದನ್ನೂ ನೋಡುತ್ತೀರಾ? ಮೊದಲ ಅಧ್ಯಾಯ ಜೊತೆಗಿದೆ. ಹೊಗಳುವುದು ಬೇಡ.

ನಿಮ್ಮ
ಗಿಣಿ


ಫೆಬ್ರವರಿ 20

ಪ್ರೀತಿಯ ಗಿಣಿ,

ಮೊದಲ ಅಧ್ಯಾಯವನ್ನು ಎರಡು ಸಲ ಓದಿದೆ. ಹೊಗಳಿಕೆ ಬೇಡ ಎಂದಿದ್ದೀಯ. ಅನುಕೂಲವಾಯಿತು.

ನಾನು ಕೆಲಸ ಮಾಡುವ ರೀತಿ ಹೀಗೆ. ಒಂದು ರಟ್ಟಿನ ತುಂಡಿನಲ್ಲಿ ಉದ್ದಕ್ಕೆ ಕಿಂಡಿ ಕೊರೆದುಕೊಂಡಿದ್ದೇನೆ. ಅದನ್ನು ಹಾಳೆಯ ಮೇಲಿಟ್ಟರೆ ಒಂದು ವಾಕ್ಯ ಮಾತ್ರ ಕಾಣುತ್ತದೆ, ಹಿಂದಿನದೂ ಮುಂದಿನದೂ ಮುಚ್ಚಿರುತ್ತವೆ. ಜ್ವರ ಬಂದವನು ನಮ್ಮ ಹಾಳೆಯನ್ನು ಮೊದಲಿಂದ ಓದುವುದಿಲ್ಲ. ಕಣ್ಣಿಗೆ ಬಿದ್ದ ವಾಕ್ಯ ಓದಿ ಮಾತ್ರೆ ನುಂಗುತ್ತಾನೆ. ಆದ್ದರಿಂದ ಪ್ರತಿ ವಾಕ್ಯವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಿನ್ನ ಅಧ್ಯಾಯವನ್ನೂ ಹಾಗೇ ನೋಡಿದೆ.

“ಅವಳ ಕಪೋಲಗಳ ಮೇಲೆ ಅಶ್ರುಬಿಂದುಗಳು ಮುತ್ತಿನ ಮಣಿಗಳಂತೆ ಉರುಳಿದವು.” ಅತ್ತಳು ಎನ್ನಲು ಏನು ಅಡ್ಡಿ?

“ಹಠಾತ್ತನೆ ಬಾಗಿಲು ತೆರೆಯಿತು.” ನಿನ್ನ ಪುಸ್ತಕದಲ್ಲಿ ಎಲ್ಲ ಬಾಗಿಲುಗಳೂ ಹಠಾತ್ತನೆ ತೆರೆಯುತ್ತವೆ. ಇನ್ನು ಮೇಲೆ ನಿಧಾನವಾಗಿ ತೆರೆದರೆ ಮಾತ್ರ ಹೇಳು.

ನೆರೆಮನೆಯವಳು ಬೇಸರಗೊಂಡಳು ಎಂದಿದ್ದೀಯ. ಮುಂದಿನ ವಾಕ್ಯದಲ್ಲಿ ಅವಳು ಟೀ ಕುಡಿಯದೆ ಲೋಟ ಪಕ್ಕಕ್ಕೆ ಸರಿಸುತ್ತಾಳೆ. ಲೋಟ ಸಾಕು. ಬೇಸರವನ್ನು ತೆಗೆ.

ಇನ್ನು ನಿಟ್ಟುಸಿರು. ಆ ಅಂಗಡಿಗೆ ಬಂದವರೂ ಹೋದವರೂ ನಿಟ್ಟುಸಿರು ಬಿಡುತ್ತಾರೆ. ಅಷ್ಟು ಚಿಕ್ಕ ಕೋಣೆಯಲ್ಲಿ ಉಸಿರಾಡಲು ಗಾಳಿ ಹೇಗೆ ಉಳಿಯಿತೋ ತಿಳಿಯದು.

ನಿಮ್ಮಣ್ಣ ಪಕ್ಕದಲ್ಲಿ ಕೂತು, “ಪಾಪ, ಒಂದ್ ಒಳ್ಳೆ ಮಾತಾದ್ರೂ ಬರಿಯೇ” ಎನ್ನುತ್ತಿದ್ದಾರೆ. ಬರೆಯುತ್ತೇನೆ: “ಗುಂಡಿಗಳ ಡಬ್ಬಿ ಅಲ್ಲಾಡಿಸಿದರೆ ಗಿರಾಕಿಯ ಮಗು ಅಳು ನಿಲ್ಲಿಸುತ್ತಿತ್ತು.” ಈ ವಾಕ್ಯ ಸರಿಯಾಗಿದೆ.

ಉಳಿದ ಅಧ್ಯಾಯಗಳನ್ನು ಕಳಿಸು.

ಅತ್ತಿಗೆ


ಮಾರ್ಚ್ 9

ಪ್ರೀತಿಯ ಅತ್ತಿಗೆಗೆ,

ಮನಸ್ಸಿನಲ್ಲೇ ನಿಮ್ಮ ಜೊತೆ ದೊಡ್ಡ ಜಗಳವಾಡಿದೆ. ನೀವು ಒಂದು ಮಾತೂ ಆಡಲಿಲ್ಲ, ಆದರೂ ನೀವೇ ಗೆದ್ದಿರಿ. ಕನ್ನಡಕದ ಡಬ್ಬಿಯ ರಟ್ಟಿನಲ್ಲಿ ನಾನೂ ಒಂದು ಕಿಂಡಿ ಕೊರೆದುಕೊಂಡು ಕೂತೆ. ಅಯ್ಯೋ, ಎಷ್ಟು ಮುತ್ತು, ಎಷ್ಟು ಮೋಡ! ತೆಗೆಯುತ್ತಾ ಹೋದಂತೆ ಪುಟ ಹಗುರಾಯಿತು. ಲೋಟ ಒಂಟಿಯಾಗಿ ನಿಂತಾಗ ನೆರೆಮನೆಯವಳ ಬೇಸರ ನನಗೇ ಮೊದಲಿಗಿಂತ ಚೆನ್ನಾಗಿ ಕಂಡಿತು. ಇದು ಮೊದಲೇ ಯಾರಾದರೂ ಹೇಳಬಾರದಿತ್ತೇ?

ಇವತ್ತು ಅಂಗಡಿಗೆ ನಿವೃತ್ತ ಬಸ್ ಡ್ರೈವರೊಬ್ಬರು ಬಂದಿದ್ದರು. ಗಾಜು ಬದಲಿಸಿ ಬದಲಿಸಿ, “ಇದು ಸ್ಪಷ್ಟವಾ, ಇದು ಸ್ಪಷ್ಟವಾ?” ಎಂದು ಕೇಳಿದೆ. ಒಂದಷ್ಟು ಹೊತ್ತು ನೋಡಿ, “ನನಗೆಲ್ಲಾ ಒಂದೇ ಥರ ಕಾಣತ್ತಮ್ಮ. ನಿನಗ್ಯಾವುದು ಇಷ್ಟ ಹೇಳು, ಅದನ್ನೇ ಹಾಕು” ಎಂದರು! ನಕ್ಕು ನಕ್ಕು ಸಾಕಾಯಿತು. ಕಣ್ಣು ಅವರದು, ಇಷ್ಟ ನನ್ನದು.

ಎರಡರಿಂದ ಐದನೇ ಅಧ್ಯಾಯದವರೆಗೆ ಕಳಿಸುತ್ತಿದ್ದೇನೆ. ಎರಡನೆಯದರಲ್ಲಿ ಅಮ್ಮ ಬರುತ್ತಾಳೆ. ನೀವು ಏನು ತಿದ್ದಿದರೂ ನಾನು ಒಪ್ಪುತ್ತೇನೆ. ನಿಮಗೆ ಯಾವುದು ಸರಿಯೋ ಅದೇ.

ನಿಮ್ಮ
ಗಿಣಿ


ಏಪ್ರಿಲ್ 4

ಪ್ರೀತಿಯ ಗಿಣಿ,

ನಾಲ್ಕು ಅಧ್ಯಾಯಗಳನ್ನು ತಿದ್ದಿ ಕಳಿಸಿದ್ದೇನೆ. ನಿರೂಪಣೆ ಬಹಳ ಸುಧಾರಿಸಿದೆ. ಅಂಗಡಿಯ ಇಸ್ತ್ರಿ ಪೆಟ್ಟಿಗೆಯನ್ನು ವರ್ಣಿಸಿದ ಪುಟದಲ್ಲಿ ನನಗೆ ಮಾಡಲು ಕೆಲಸವೇ ಇರಲಿಲ್ಲ.

ಅತ್ತೆಯ ಮಾತುಗಳಲ್ಲಿ ಮಾತ್ರ ಹೆಚ್ಚು ಕತ್ತರಿಸಬೇಕಾಯಿತು. ಉದಾಹರಣೆಗೆ ನೀನು ಬರೆದದ್ದು: “ಅಲ್ಲ ಕಣೆ, ಹೊಲಿಯಲಾರದವಳು ಸೂಜಿ ಮೊಂಡು ಅಂದ್ಲಂತೆ. ಬಿಚ್ಚು ಬಿಚ್ಚು, ಪೂರ್ತಿ ಬಿಚ್ಚು. ಬಿಚ್ಚೋಕೆ ನಾಚ್ಕೊಳ್ಳೋಳು ಹೊಲಿಯೋಕ್ಯಾಕೆ ಬಂದೆ?”

ನಾನು ಮಾಡಿದ್ದು: “ತಪ್ಪು ಸೂಜಿಯದಲ್ಲ. ಹೊಲಿಗೆಯನ್ನು ಬಿಚ್ಚು.”

ಅರ್ಥ ಎಲ್ಲೂ ಸೋರಿಲ್ಲ. ಒಮ್ಮೆ ಹೇಳಿದರೆ ಓದುವವರಿಗೆ ತಿಳಿಯುತ್ತದೆ. ನಾನು ಓದುವ ಕಾದಂಬರಿಗಳಲ್ಲಿ ಅಡಿಗೆಯವಳೂ ನ್ಯಾಯಾಧೀಶನೂ ಹೀಗೇ ಅಳತೆ ಮಾಡಿ ಮಾತಾಡುತ್ತಾರೆ, ಆದ್ದರಿಂದಲೇ ಅವು ಮನಸ್ಸಿಗೆ ಹಿತ.

ಅತ್ತೆಯ ಪುಟಗಳನ್ನು ಬೇಗ ಮುಗಿಸಿದೆ. ವಿಶೇಷ ಕಾರಣವೇನೂ ಇಲ್ಲ. ಅಲ್ಲಿ ಮಾತು ಹೆಚ್ಚು, ಅಷ್ಟೆ.

ಅತ್ತಿಗೆ


ಮೇ 11

ಪ್ರೀತಿಯ ಅತ್ತಿಗೆಗೆ,

ನಿಮ್ಮ ತಿದ್ದುಪಡಿಗಳನ್ನೆಲ್ಲ ಸೇರಿಸಿದೆ. ಉಳಿದ ಅಧ್ಯಾಯಗಳನ್ನು ಅದೇ ರೀತಿ ನಾನೇ ತಿದ್ದಿದೆ. ಕೆಲಸ ಈಗ ಸಲೀಸಾಗಿದೆ. ಕೈ ಪಳಗಿದೆ.

ಅಮ್ಮನ ಮಾತು ಸ್ವಲ್ಪ ಸಣ್ಣದಾಯಿತೇನೋ ಎಂದು ಒಂದು ದಿನ ಅನ್ನಿಸಿತು. ಕಿಂಡಿ ಇಟ್ಟು ಒಂದೊಂದೇ ವಾಕ್ಯ ನೋಡಿದೆ. ಎಲ್ಲವೂ ಸರಿಯಾಗಿವೆ.

ಅಣ್ಣನಿಗೆ ನೆನಪು ಹೇಳಿ.

ಗಿಣಿ


ಜುಲೈ 17

ಅತ್ತಿಗೆಗೆ,

ಕಾದಂಬರಿ ಮುಗಿಯಿತು. ನಿನ್ನೆ ಪ್ರಕಾಶನಕ್ಕೆ ಕಳಿಸಿದೆ. ಮೊದಲಿನ ಅರ್ಧದಷ್ಟಿದೆ. ಅಂಗಡಿಯಲ್ಲಿ ಕೆಲಸ ಹೆಚ್ಚು. ನಾನು ಚೆನ್ನಾಗಿದ್ದೇನೆ.

ಗಿಣಿ


ಆಗಸ್ಟ್ 2

ಪ್ರೀತಿಯ ಗಿಣಿ,

ನಿನ್ನ ಪತ್ರ ಬಂತು. ಒಂದು ಪದವೂ ಹೆಚ್ಚಿರಲಿಲ್ಲ. ಮೊದಲು ನನಗೆ ಹೆಮ್ಮೆಯಾಯಿತು. ಆಮೇಲೆ ನಿಮ್ಮಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇವಳಿಗೇನು ಹುಷಾರಿಲ್ವಾ?” ಎಂದರು. ಇದು ಶೈಲಿ ಎಂದೆ. “ಶೈಲಿ ಅಂದ್ರೆ ಗಂಟಲು ಕಟ್ಟೋದಾ?” ಎಂದರು. ಅವರಿಗೆ ಇಂಥವೆಲ್ಲ ತಿಳಿಯುವುದಿಲ್ಲ.

ಆದರೂ ಕೇಳುತ್ತೇನೆ. ಹುಷಾರಾಗಿದ್ದೀಯ ತಾನೆ? ಆ ಬಸ್ ಡ್ರೈವರ್ ಕೊನೆಗೆ ಯಾವ ಗಾಜು ಹಾಕಿಸಿಕೊಂಡರು? ನೀನು ಬರೆಯಲೇ ಇಲ್ಲ.

ಅತ್ತಿಗೆ


ಸೆಪ್ಟೆಂಬರ್ 1

ಗಿಣಿ,

ಒಂದು ತಿಂಗಳಾಯಿತು. ಅಂಚೆಯವನು ನನ್ನ ಮುಖ ನೋಡಿದೊಡನೆ ತಾನಾಗಿಯೇ “ಇಲ್ಲಮ್ಮ” ಎನ್ನುತ್ತಾನೆ. ಪ್ರಕಾಶನದಿಂದ ಏನಾದರೂ ಬಂತೇ? ಬಂದಿದ್ದರೆ ಎರಡು ಸಾಲು ಬರೆ. ಬಂದಿಲ್ಲದಿದ್ದರೆ ನಾಲ್ಕು ಸಾಲು ಬರೆ.

ಅತ್ತಿಗೆ


ಸೆಪ್ಟೆಂಬರ್ 13

ಅತ್ತಿಗೆ,

ಬಂದಿದೆ. ಬಂದು ಆಗಲೇ ಎರಡು ವಾರವಾಯಿತು. ಬರೆಯಲು ಕೂತಾಗಲೆಲ್ಲ ಕೋಪದ ಮಾತೇ ಬರುತ್ತಿತ್ತು, ಅದಕ್ಕೆ ಬರೆಯಲಿಲ್ಲ. ಈಗಲೂ ಅದೇ ಬರುತ್ತಿದೆ, ಬರಲಿ.

ಮೊದಲು ಓದಿದ ಸಂಪಾದಕಿ ರಜೆಯಲ್ಲಿದ್ದಾರಂತೆ. ಈ ಸಲ ಓದಿದವರು ಬೇರೆಯವರು. ಅವರ ಪತ್ರವನ್ನು ಹಾಗೇ ಬರೆಯುತ್ತೇನೆ: “ನಿಮ್ಮ ಅನುವಾದ ಸೊಗಸಾಗಿದೆ, ಎಲ್ಲೂ ತೊಡಕಿಲ್ಲ. ಆದರೆ ಹಸ್ತಪ್ರತಿಯಲ್ಲಿ ಮೂಲ ಲೇಖಕರ ಹೆಸರು ಕಾಣಲಿಲ್ಲ. ಅದನ್ನೂ ಅವರ ಒಪ್ಪಿಗೆ ಪತ್ರವನ್ನೂ ಕಳಿಸಿದರೆ ಮುಂದುವರಿಯಬಹುದು.”

ಫೋನ್ ಮಾಡಿದೆ. “ಸರ್, ಅನುವಾದ ಅಲ್ಲ, ನಾನೇ ಬರೆದದ್ದು. ನಮ್ಮಮ್ಮನ ಕಥೆ” ಎಂದೆ. ಅವರು ಬಹಳ ಮರ್ಯಾದೆಯಿಂದ, “ತಾಯಿಯವರು ಯಾವ ದೇಶದವರು?” ಎಂದು ಕೇಳಿದರು.

ನಮ್ಮಮ್ಮ, ಅತ್ತಿಗೆ! ಬಾಯಿ ತೆರೆದರೆ ಬೀದಿಯ ಆ ತುದಿಗೆ ಕೇಳುತ್ತಿದ್ದ ನಮ್ಮಮ್ಮ! ಯಾವ ದೇಶದವಳು ಅಂತೆ!

ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಗಿರಾಕಿಗಳ ಮಾತು, ನೆರೆಮನೆಯವಳ ಮಾತು, ಇವನ್ನೆಲ್ಲ ಮುಟ್ಟಿದ್ದೀರೋ ಇಲ್ಲವೋ ಎನ್ನುವಂತೆ ಮುಟ್ಟಿದ್ದೀರಿ. ಅಮ್ಮನ ಮಾತನ್ನು ಮಾತ್ರ ಹುಡುಕಿ ಹುಡುಕಿ ಕತ್ತರಿಸಿದ್ದೀರಿ. ಯಾಕೆ? ಅಷ್ಟು ವರ್ಷ ಒಂದೇ ಸೂರಿನಡಿ ಇದ್ದಿರಿ, ಒಂದು ದಿನವೂ ಅವಳಿಗೆ ಎದುರು ಮಾತಾಡಲಿಲ್ಲ. ಎಲ್ಲರೂ ನಿಮ್ಮನ್ನು ತಾಳ್ಮೆಯವರು ಎಂದರು. ಉಳಿಸಿಕೊಂಡ ಜಗಳವನ್ನೆಲ್ಲ ಈಗ ತೀರಿಸಿಕೊಂಡಿರಾ?

ಅವರು ಅಕ್ಟೋಬರ್ ಕೊನೆಯವರೆಗೆ ಕಾಯುತ್ತಾರಂತೆ. ಏನು ಮಾಡಲಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಸುಮ್ಮನೆ ತಿಳಿಸಿದೆ.

ಗಿಣಿ


ಸೆಪ್ಟೆಂಬರ್ 22

ಗಿಣಿ,

ನಿನ್ನ ಪತ್ರವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. “ಯಾವ ದೇಶದವರು” ಎಂಬಲ್ಲಿಗೆ ಬಂದಾಗ ಅವರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಮುಂದಿನದನ್ನು ಗಟ್ಟಿಯಾಗಿ ಓದಲಿಲ್ಲ.

ಜಗಳ ಉಳಿದಿರಲಿಲ್ಲ. ನಾನು ಎದುರು ಮಾತಾಡದಿದ್ದದ್ದು ತಾಳ್ಮೆಯಿಂದಲ್ಲ, ಅವರ ಮಾತು ಕೇಳುತ್ತಾ ಕೂರುವುದು ಇಷ್ಟವಿತ್ತು, ಅದಕ್ಕೆ. ಅವರು ಹೋದ ಮೇಲೆ ಈ ಮನೆ ಎಷ್ಟು ಸದ್ದಿಲ್ಲದಾಯಿತು ಎಂದರೆ, ನಾನು ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಮಾಡಿಕೊಂಡೆ. ಅಷ್ಟರಲ್ಲಿ ನಿನ್ನ ಎರಡನೇ ಅಧ್ಯಾಯ ಬಂತು. ಅವರು ಬಾಯಿ ತೆರೆದಲ್ಲೆಲ್ಲ ನನಗೆ ಧ್ವನಿಯೇ ಕೇಳಿಸಿತು. ಕತ್ತರಿಸಿದರೆ ನಿಲ್ಲುತ್ತಿತ್ತು. ಕತ್ತರಿಸುತ್ತಾ ಹೋದೆ, ಅದಕ್ಕೆ ನಿಯಮ ಎಂದು ಹೆಸರಿಟ್ಟೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ಕೆಲಸದ ಮಾತು. ನಿನಗೆ ಬೇಡವಾದರೂ ಹೇಳುತ್ತೇನೆ.

ಕಿಂಡಿಯಲ್ಲಿ ಒಂದು ತಪ್ಪಿದೆ. ಮಾತಾಡುವವರ ವಾಕ್ಯ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ಹಿಂದಿನದರ ಹೆಗಲ ಮೇಲೆ ಕೈ ಹಾಕಿಕೊಂಡು ನಿಲ್ಲುತ್ತದೆ. ಒಂದೊಂದನ್ನೇ ಬೇರೆ ಮಾಡಿ ನೋಡಿದರೆ ಎಲ್ಲವೂ ಹೆಚ್ಚಾದಂತೆಯೇ ಕಾಣುತ್ತವೆ. ಇನ್ನೊಂದು, ನಾನು ಓದುವ ಅನುವಾದಗಳ ವಿಷಯ. ಆ ಅನುವಾದಕರು ಅರ್ಥವನ್ನು ಎರಡೂ ಕೈಯಲ್ಲಿ ಹಿಡಿದು ದೂರದಿಂದ ಹೊತ್ತು ತರುವವರು, ದಾರಿಯಲ್ಲಿ ಒಂದಷ್ಟು ಬಿಟ್ಟು ಬರಲೇಬೇಕು. ನೀನು ಎಲ್ಲಿಂದಲೂ ಹೊತ್ತು ತರುತ್ತಿಲ್ಲ. ಎಲ್ಲವೂ ಮನೆಯಲ್ಲೇ ಇತ್ತು. ಅದನ್ನು ಬಿಟ್ಟು ಬರುವಂತೆ ಮಾಡಿದವಳು ನಾನು.

ಹಾಗೆಂದು ಎಲ್ಲವನ್ನೂ ವಾಪಸು ತರಬೇಡ. ಮುತ್ತುಗಳು, ನಿಟ್ಟುಸಿರುಗಳು, ಹಠಾತ್ ಬಾಗಿಲುಗಳು ಬೇಡವೇ ಬೇಡ. ನೀನು ಹೇಳುವ ಕಡೆ ಬಿಗಿಯಾಗಿರಲಿ, ಅತ್ತೆ ಮಾತಾಡುವ ಕಡೆ ಬಿಡು.

ನಿನಗೆ ಗೊತ್ತಿಲ್ಲದ ಒಂದು ಪ್ರಸಂಗ ಬರೆಯುತ್ತೇನೆ. ಆಗ ನೀನು ಶಾಲೆಯಲ್ಲಿದ್ದೆ. ನಾನು ಮದುವೆಯಾಗಿ ಬಂದ ಹೊಸತು, ಅಂಗಡಿಯಲ್ಲಿ ಕೈಜೋಡಿಸುತ್ತಿದ್ದೆ, ಒಬ್ಬ ಗಿರಾಕಿಯ ಕೋಟಿಗೆ ಎರಡೂ ತೋಳುಗಳನ್ನು ಎಡಗೈಯವೇ ಕತ್ತರಿಸಿಬಿಟ್ಟೆ. ಅತ್ತೆ ಬಂದರು, ತೋಳನ್ನು ಎತ್ತಿ ಹಿಡಿದರು, ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು, ಗಿರಾಕಿ ಬಾಗಿಲಲ್ಲೇ ನಿಂತಿದ್ದಾನೆ, ನನ್ನ ಕೈಯಲ್ಲಿ ಕತ್ತರಿ ಇನ್ನೂ ಹಾಗೇ ಇದೆ, ಇವರು ಅವನ ಕಡೆ ತಿರುಗಿ, “ಅಲ್ಲಪ್ಪಾ, ನಿನ್ ಬಲಗೈ ಏನ್ ಮಹಾ ಕೆಲ್ಸ ಮಾಡತ್ತೆ ಅಂತ ನಮ್ ಹುಡುಗಿ ಅದಕ್ಕೆ ತೋಳೇ ಬೇಡ ಅಂತ ತೀರ್ಮಾನ ಮಾಡಿದಾಳೆ, ನಾಳೆ ಬಾ ನಾಳೆ ಬಾ, ಅಷ್ಟರೊಳಗೆ ಅದಕ್ಕೂ ಒಂದ್ ಕೆಲ್ಸ ಹುಡುಕ್ಕೊಂಡ್ ಬಾ” ಎಂದು ಅವನನ್ನು ನಗಿಸಿ ಕಳಿಸಿ, ಬಾಗಿಲು ಹಾಕಿ ನನ್ನ ಕಡೆ ನೋಡಿದರು, ಬೈಯುತ್ತಾರೆಂದು ನಾನು ಗೋಡೆಗಂಟಿ ನಿಂತಿದ್ದರೆ, “ಕತ್ತೆ, ಕೂತ್ಕೋ. ತಿಂದಿದೀಯಾ ಏನಾದ್ರೂ?” ಎಂದರು.

ಇದನ್ನು ಚಿಕ್ಕದಾಗಿ ಬರೆಯಲು ಕೂತಿದ್ದೆ. ಆಗಲಿಲ್ಲ. ನಿನಗೆ ಉಪಯೋಗವಾದರೆ ತೆಗೆದುಕೋ.

ಅತ್ತಿಗೆ


ಅಕ್ಟೋಬರ್ 27

ನನ್ನ ಅತ್ತಿಗೆಗೆ,

ಆ ಪತ್ರ ಓದಿ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಅತ್ತೆ. ನೋಡಿ, “ಅತ್ತೆ” ಎಂದಷ್ಟೇ ಬರೆದಿದ್ದೇನೆ, ಒಂದು ಮುತ್ತೂ ಉರುಳಿಲ್ಲ! ಜಗಳ ತೀರಿಸಿಕೊಂಡಿರಾ ಎಂದು ಕೇಳಿದ್ದೆನಲ್ಲ, ಆ ವಾಕ್ಯಕ್ಕೆ ನಿಮ್ಮ ಪೆನ್ಸಿಲ್ ತಗುಲಿದರೆ ನನಗೆ ಬಹಳ ಸಂತೋಷ.

ಅಂಗಡಿ ಮುಚ್ಚಿದ ಮೇಲೆ ದಿನವೂ ಕನ್ನಡಕಗಳ ಸಾಲಿನ ಮುಂದೆ ನಿಂತು ಅಮ್ಮನ ಮಾತುಗಳನ್ನು ಗಟ್ಟಿಯಾಗಿ ಓದಿದೆ. ಅಷ್ಟು ಕನ್ನಡಕಗಳು ಒಂದೂ ಕಣ್ಣಿಲ್ಲದೆ ನನ್ನನ್ನೇ ನೋಡುತ್ತಿದ್ದವು. ಎಲ್ಲಿ ಉಸಿರು ಸಿಕ್ಕಿಕೊಂಡಿತೋ ಅಲ್ಲಿ ತಿದ್ದಿದೆ, ಎಲ್ಲಿ ಅಮ್ಮ ಬಂದಳೋ ಅಲ್ಲಿ ಬಿಟ್ಟೆ. ಒಂದು ಮಜಾ ಹೇಳಲಾ? ಹಳೆಯ ಪ್ರತಿಯಲ್ಲೂ ಅಮ್ಮನ ಎಲ್ಲ ಮಾತೂ ಅಮ್ಮನದಾಗಿರಲಿಲ್ಲ. ಕೆಲವು ಗಾದೆಗಳನ್ನು ನಾನು ಪುಸ್ತಕದಿಂದ ತಂದು ಅವಳ ಬಾಯಿಗೆ ತುರುಕಿದ್ದೆ. ಅವು ನಾಲಿಗೆಗೆ ಸಿಕ್ಕಿದೊಡನೆ ಗೊತ್ತಾಯಿತು. ಹೊರಗೆ ಹಾಕಿದೆ. ನಿರೂಪಣೆಯಲ್ಲಿ ನಿಮ್ಮ ತಿದ್ದುಪಡಿಗಳು ಹಾಗೇ ಇವೆ. ಎರಡನ್ನು ಮಾತ್ರ ಒಪ್ಪಲಿಲ್ಲ, ಐದನೇ ಅಧ್ಯಾಯದಲ್ಲಿ. ಯಾವುವು ಎಂದು ಹೇಳುವುದಿಲ್ಲ, ಪುಸ್ತಕವಾದರೆ ಹುಡುಕಿಕೊಳ್ಳಿ. ನನಗೆ ಅವು ಇಷ್ಟ.

ಎರಡು ಎಡತೋಳಿನ ಪ್ರಸಂಗವನ್ನು ಆರನೇ ಅಧ್ಯಾಯಕ್ಕೆ ಸೇರಿಸಿದ್ದೇನೆ. ಒಂದು ಅಕ್ಷರವೂ ಬದಲಿಸಿಲ್ಲ.

ಇವತ್ತು ಬೆಳಿಗ್ಗೆ ಕಳಿಸಿದೆ. ಇನ್ನು ಅವರಿಷ್ಟ. ಬೇಡ ಎಂದರೂ ಈ ಸಲ ಪುಟಗಳು ಅಟ್ಟಕ್ಕೆ ಹೋಗುವುದಿಲ್ಲ. ನಿಮ್ಮ ಮನೆಗೆ ಬರುತ್ತವೆ.

ನಿಮ್ಮ
ಗಿಣಿ


ಡಿಸೆಂಬರ್ 8

ಅತ್ತಿಗೆ, ಅತ್ತಿಗೆ,

ಒಪ್ಪಿದರು! ಬೇಸಿಗೆಗೆ ಪುಸ್ತಕ!

ರಜೆ ಮುಗಿಸಿ ಬಂದ ಸಂಪಾದಕಿಯೇ ಫೋನ್ ಮಾಡಿದರು. ಈ ಸಲ ಓದುವಾಗ ಅಮ್ಮ ಬೈದಲ್ಲೆಲ್ಲ ತಮಗೇ ಬೈದ ಹಾಗಾಯಿತಂತೆ, ಒಂದು ಕಡೆ ಬೆನ್ನು ನೆಟ್ಟಗೆ ಮಾಡಿ ಕೂತರಂತೆ. ಆಮೇಲೆ, “ಆ ಎರಡು ಎಡತೋಳಿನದನ್ನ ಆರನೇ ಅಧ್ಯಾಯದಲ್ಲಿ ಯಾಕೆ ಬಚ್ಚಿಟ್ಟಿದೀರಿ? ಮೊದಲ ಪುಟಕ್ಕೆ ತನ್ನಿ. ಇಡೀ ಪುಸ್ತಕದಲ್ಲಿ ನೀವು ಬರೆದ ಎಲ್ಲಕ್ಕಿಂತ ಒಳ್ಳೇ ವಾಕ್ಯ ಅದು” ಎಂದರು. ಅದು ನಾನು ಬರೆದದ್ದಲ್ಲ ಎಂದೆ. ಯಾರದು ಎಂದರು. ನಮ್ಮ ಅತ್ತಿಗೆಯದು, ಔಷಧಿ ಕಂಪನಿಯಲ್ಲಿದ್ದಾರೆ ಎಂದೆ. ಅವರು ನಗಲು ಶುರುಮಾಡಿದರು: “ಹಾಗಾದ್ರೆ ಒಪ್ಪಿಗೆ ಪತ್ರ ತರಿಸಲೇಬೇಕಲ್ರೀ!”

ಕೊಡುತ್ತೀರಾ? ಕಾದಂಬರಿ ನಿಮ್ಮ ಮಾತಿನಿಂದ ಶುರುವಾಗಲಿ ಎಂದು ನನಗೂ ಆಸೆ.

ನಿಮ್ಮ
ಗಿಣಿ


ಡಿಸೆಂಬರ್ 15

ಪ್ರೀತಿಯ ಗಿಣಿ,

ಒಪ್ಪಿಗೆ ಇದೆ. ನನ್ನ ಹೆಸರು ಎಲ್ಲೂ ಬೇಡ.

ಮೊದಲ ಪುಟ ಎಂದಿದ್ದಕ್ಕೆ ಆ ಭಾಗವನ್ನು ಇನ್ನೊಮ್ಮೆ ನೋಡಿದೆ. ಅಭ್ಯಾಸ. ಮೂರು ಕಡೆ ಕತ್ತರಿಸಬಹುದು. ಹಾಗೆಂದು ನಿಮ್ಮಣ್ಣನಿಗೆ ಹೇಳಿದೆ. “ಗಟ್ಟಿಯಾಗಿ ಓದು, ನೋಡೋಣ” ಎಂದರು. ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, “ಇನ್ನೂ ಏನೋ ಅಂದಿದ್ಲಲ್ಲೇ ಅಮ್ಮ ಅವತ್ತು? ನೀನೇ ಹೇಳಿದ್ದೆ ನನಗೆ” ಎಂದರು.

ಹೌದು, ಅಂದಿದ್ದರು. ಬರೆಯುವಾಗ ನಾನು ಬಿಟ್ಟಿದ್ದೆ. “ತಿಂದಿದೀಯಾ ಏನಾದ್ರೂ?” ಎಂದು ಕೇಳಿ, ನನ್ನ ಎದುರು ಕೂತು, ಕತ್ತರಿಸಿ ಹಾಳಾದ ಆ ತೋಳಿನಿಂದಲೇ ನನ್ನ ಮುಖ ಒರೆಸಿ, “ನಾನು ಮೊದಲನೇ ಸಲ ಮೂರು ತೋಳು ಕತ್ತರಿಸಿದ್ದೆ ಕಣೆ, ಮೂರು!” ಎಂದಿದ್ದರು.

ಇದನ್ನು ಸೇರಿಸು. ಮೂರು ಎಂದು ಎರಡು ಸಲ ಹೇಳಿದ್ದರು. ಎರಡೂ ಇರಲಿ.

ಅತ್ತಿಗೆ